ತುಂಡಿಗೆ ದೋಷವಿಲ್ಲ

ಅಲ್ಯುಮಿನಿಯಂ ಬೋಗುಣಿಯನ್ನು ಕಲ್ಲಿನ ಮೆಟ್ಟಿಲ ಮೇಲೆ ಇಳಿಸುವ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಮೊದಲು ಅಂಚು ತಾಗಿ ಸಣ್ಣದೊಂದು ಠಣ್, ಆಮೇಲೆ ತಳ ಕೂತು ಢಬ್. ಎರಡರ ಮಧ್ಯೆ ಅವಳದೊಂದು ಉಸಿರು. ಅದಾದ ಮೇಲೆಯೇ ಕರೆ: “ಹ್ವಾಯ್ ಟೀಚ್ರೇ, ಇದ್ರಿಯಾ?”

ಅವಳು ನಮ್ಮ ಮನೆಗೆ ಮೀನು ತರುತ್ತಿದ್ದವಳು, ಕೋಡಿ ಕಡೆಯವಳು. ನಮ್ಮ ಮನೆಯೆಂದರೆ ಕುಂದಾಪುರ ಪೇಟೆಯಿಂದ ಸ್ವಲ್ಪ ಒಳಗೆ ಇರುವ ನನ್ನ ತಮ್ಮನ ಮನೆ. ಬ್ರಹ್ಮಾವರದಲ್ಲಿ ಮೂವತ್ತು ಚಿಲ್ಲರೆ ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದ ಮೇಲೆ, ಮದುವೆಯಾಗದ ನಾನು ಇಲ್ಲಿಗೆ ಬಂದು ಸೇರಿಕೊಂಡೆ. ಬೆಳಿಗ್ಗೆ ಹತ್ತೂವರೆಗೆ ಅವಳ ಬೋಗುಣಿಯ ಸದ್ದು ಕೇಳಿದರೆ ನನ್ನ ದಿನಕ್ಕೆ ಒಂದು ಪೀರಿಯಡ್ ಮುಗಿದ ಹಾಗೆ.

ಹೆಣಿಗೆ ಶುರುವಾದದ್ದು ಕಪಾಟು ಖಾಲಿ ಮಾಡುವಾಗ. ತಳದಲ್ಲಿ, ನ್ಯಾಫ್ತಲೀನ್ ಗುಳಿಗೆಯ ವಾಸನೆಯಲ್ಲಿ, ನನ್ನ ಕಾನ್ವೆಂಟಿನ ನೀಡ್ಲ್‌ವರ್ಕ್ ಪುಸ್ತಕ ಸಿಕ್ಕಿತು. ಬೋರ್ಡಿಂಗಿನಲ್ಲಿ ಶನಿವಾರ ಮಧ್ಯಾಹ್ನ ಆ ಕ್ಲಾಸ್ ಇರುತ್ತಿತ್ತು. ನಮಗೆ ಕಲಿಸುತ್ತಿದ್ದ ಸಿಸ್ಟರ್ ಇಡೀ ಒಂದು ವರ್ಷ ನಮ್ಮಿಂದ ಟೋಪಿಯನ್ನಾಗಲಿ ಕಾಲುಚೀಲವನ್ನಾಗಲಿ ಮಾಡಿಸಲಿಲ್ಲ. ಬರೀ ಸ್ವಾಚ್. ಮೂವತ್ತು ಕುಣಿಕೆ, ನಲವತ್ತು ಸಾಲು, ಅಂಗೈಗಿಂತ ಸ್ವಲ್ಪ ದೊಡ್ಡದೊಂದು ಚೌಕ. ಒಂದೊಂದು ಸ್ಟಿಚ್ಚಿಗೆ ಒಂದೊಂದು ತುಂಡು. ಮುಗಿದ ಮೇಲೆ ಪುಸ್ತಕಕ್ಕೆ ಟಾಕಿ ಹೊಡೆದು, ಕೆಳಗೆ ಕರ್ಸಿವ್‌ನಲ್ಲಿ ಹೆಸರು ಬರೆಯಬೇಕು. ಪುಸ್ತಕದ ಹಾಳೆಗಳು ಉಳಿದಿದ್ದವು, ಹೆಸರುಗಳು ಉಳಿದಿದ್ದವು. ತುಂಡುಗಳನ್ನು ಮಾತ್ರ ಹುಳ ತಿಂದಿತ್ತು.

ತಿಂದದ್ದನ್ನು ಮತ್ತೆ ಮಾಡೋಣ ಅಂತ ಅನಿಸಿತು, ಅಷ್ಟೇ. ದೊಡ್ಡ ಕಾರಣ ಇರಲಿಲ್ಲ. ಪೇಟೆಯಲ್ಲಿ ಬಿಳಿ ಹತ್ತಿ ನೂಲು ಸಿಕ್ಕಿತು. ಮರೆತದ್ದನ್ನು ಯೂಟ್ಯೂಬ್ ನೋಡಿ ತಿದ್ದಿಕೊಂಡೆ. ನನ್ನ ತಮ್ಮನ ಹೆಂಡತಿಗೆ ಮೊದಲ ದಿನವೇ ನಗು.

“ಎಂತ ಅತ್ತ್ಗಿ, ಕುಂದಾಪ್ರದ್ ಸೆಕಿಗೆ ಸ್ವೆಟ್ರಾ? ಯಾರಿಗ್, ಫ್ರಿಜ್ಜಿಗಾ?”

“ಸ್ವೆಟರ್ ಅಲ್ಲ. ಸ್ವಾಚ್.”

“ಅದನ್ನ ಎಂತ ಮಾಡುದ್?”

“ಎಂತದೂ ಮಾಡುದಲ್ಲ. ಪ್ರಾಕ್ಟೀಸ್.”

“ಎಪ್ಪತ್ ದಾಟಿದ್ ಮೇಲೆ ಯಾವ್ ಪರೀಕ್ಷಿಗೆ ಪ್ರಾಕ್ಟೀಸ್, ದೇವ್ರೇ!”

ಅವಳ ನಗುವಿಗೆ ನಾನು ಬೇಸರ ಮಾಡಿಕೊಳ್ಳಲಿಲ್ಲ. ಚಾವಡಿಯ ದಾರಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ತುಂಡುಗಳನ್ನು ಸಿಕ್ಕಿಸುತ್ತ ಹೋದೆ. ಒಂದು ದಿನ ಮೀನಿನವಳು ಮೆಟ್ಟಿಲ ಮೇಲೆ ಬೋಗುಣಿ ಇಳಿಸಿ, ತಲೆಯ ಸಿಂಬಿ ತೆಗೆದು, ಕತ್ತೆತ್ತಿ ನೋಡಿದಳು.

“ಟೀಚ್ರೇ, ಇದೆಂತ, ಮಸಿಬಟ್ಟಿಯಾ? ಇಷ್ಟ್ ಚಂದದ್ ಮಸಿಬಟ್ಟಿ ನಾ ಕಂಡದ್ದೇ ಇಲ್ಲೆ ಕಾಣಿ.”

ಮುಟ್ಟಲಿಲ್ಲ. ಕೈ ನಾತ ಅಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗು ತಾಗುವಷ್ಟು ಹತ್ತಿರ ಹೋದಳು. ನೂಲನ್ನು ಕಡ್ಡಿಗೆ ಒಂದು ಸುತ್ತು ತಂದು ಪಕ್ಕದ ಎರಡು ಕುಣಿಕೆಯನ್ನು ಒಂದು ಮಾಡಿದರೆ ತೂತು ಬೀಳುತ್ತದಲ್ಲ, ಆ ಐಲೆಟ್ ತುಂಡಿನ ಮುಂದೆ ನಿಂತಳು.

“ಇದ್ ಬಲಿ ಕಣ್ಣ್ ಅಲ್ದಾ?”

ಅವಳ ಅಪ್ಪ ದೋಣಿ ಇಟ್ಟಿದ್ದವನಂತೆ. ಹರಿದ ಬಲೆ ಕಟ್ಟುವುದನ್ನು ಅವಳು ಎಂಟೊಂಬತ್ತು ವರ್ಷಕ್ಕೇ ಕಲಿತಿದ್ದಳು. ನನ್ನ ಐಲೆಟ್ ಅವಳಿಗೆ ಮೊದಲ ನೋಟಕ್ಕೇ ಪರಿಚಯದ ಮುಖ.

ಶಿವರಾತ್ರಿ ಕಳೆದ ಮೇಲೆ, ಒಂದು ದಿನ ಮೀನು ಕೊಟ್ಟಾದರೂ ಅವಳು ಎದ್ದು ಹೋಗಲಿಲ್ಲ. ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೇಳಿದಳು.

“ಮಗ್ಳಿಗ್ ಮೂರ್ ತಿಂಗ್ಳ್ ಟೀಚ್ರೇ. ಯಾರಿಗೂ ಹೇಳ್ಬೇಡಿ.”

ಅವಳ ಮಗಳು ಒಬ್ಬಳೇ. ಕಿರಿಮಂಜೇಶ್ವರಕ್ಕೆ ಕೊಟ್ಟಿತ್ತು, ಗಂಡ ಬೋಟಿಗೆ ಹೋಗುವವನು. ಇದು ಮೂರನೆಯ ಬಸಿರು ಎಂಬುದು ನನಗೆ ಗೊತ್ತಿತ್ತು. ಮೊದಲನೆಯದು ಐದು ತಿಂಗಳಿಗೆ ಹೋಗಿತ್ತು. ಎರಡನೆಯದು ಎಂಟು ತುಂಬಿದ ಮೇಲೆ. ಎರಡನೆಯ ಸಲ ಅಳಿಯ ಖುಷಿ ತಡೆಯಲಾರದೆ ಉಡುಪಿಯಿಂದ ಒಂದು ಗುಲಾಬಿ ಅಂಗಿಯನ್ನೂ ಟೋಪಿಯನ್ನೂ ಮೊದಲೇ ತಂದಿಟ್ಟಿದ್ದನಂತೆ. ಟ್ರಂಕಿನಲ್ಲಿ ಅವು ಇನ್ನೂ ಪ್ಲಾಸ್ಟಿಕ್ ತೆಗೆಯದೆ ಇದ್ದವು. “ಬಿಸಾಡುಕೂ ಆಪುದಿಲ್ಲೆ, ಮತ್ತೊಬ್ರಿಗ್ ಕೊಡುಕೂ ಆಪುದಿಲ್ಲೆ” ಅನ್ನುತ್ತಿದ್ದಳು.

ನಾನು ಸಂತೋಷದಲ್ಲಿ, “ಹಂಗಾರೆ ನಾನೊಂದ್ ಬ್ಲಾಂಕೆಟ್ ಹೆಣೆದ್ ಕೊಡ್ತೆ” ಅಂದುಬಿಟ್ಟೆ. ಅವಳು ಮೀನಿನ ಕೈಯಲ್ಲೇ ನನ್ನ ಬಾಯಿ ಮುಚ್ಚಲಿಕ್ಕೆ ಬಂದಳು.

“ಶ್! ಬೇಡ ಟೀಚ್ರೇ. ಹುಟ್ಟುಕ್ ಮುಂಚೆ ಮಗೀಗ್ ಅಂದೇಳಿ ಎಂತದೂ ಮಾಡುಕಾಗ.”

ಈ ಪದ್ಧತಿ ನಮ್ಮ ಮನೆಗಳಲ್ಲೂ ಇದ್ದದ್ದೇ. ಹುಟ್ಟಿದ ಮಗುವಿಗೆ ಅಜ್ಜಿಯ ಹಳೇ ಸೀರೆ ಹರಿದು ಸುತ್ತುವುದು, ತೊಟ್ಟಿಲು, ಅಂಗಿ ಎಲ್ಲ ಹನ್ನೊಂದು ದಿನ ಕಳೆದ ಮೇಲೆ. ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಅದು ನನ್ನ ತಲೆಯಲ್ಲಿ ಎಲ್ಲೋ ಕೆಳಗಿನ ಶೆಲ್ಫಿನಲ್ಲಿತ್ತು.

ಅವಳು ಸ್ವಲ್ಪ ಹೊತ್ತು ದಾರದ ಮೇಲಿನ ತುಂಡುಗಳನ್ನು ನೋಡಿದಳು. ಆಮೇಲೆ ತಾನೇ ಒಂದು ದಾರಿ ಹುಡುಕಿದಳು.

“ಆರೆ ತುಂಡ್ ಮಾಡ್ಲಕ್ ಅಲ್ದಾ? ತುಂಡಿಗ್ ದೋಷ ಇಲ್ಲೆ. ಅದ್ ಅಂಗಿಯೂ ಅಲ್ಲ, ಹೊದಿಕೆಯೂ ಅಲ್ಲ. ಯಾರದ್ದೂ ಅಲ್ಲ.”

ಹೀಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಮಗು ಬರುವವರೆಗೆ ತುಂಡು ಮಾತ್ರ. ಯಾವ ಸ್ಟಿಚ್ ಮೆತ್ತಗೆ, ಯಾವುದು ಮಗುವಿನ ಬೆರಳಿಗೆ ಸಿಕ್ಕಿಕೊಳ್ಳುವುದಿಲ್ಲ, ಯಾವುದು ಎರಡೂ ಬದಿಗೆ ಚಂದ ಅಂತ ನೋಡಿಡುವುದು. ಮಗು ಬಂದ ಮೇಲೆ ಹನ್ನೊಂದು ದಿನದೊಳಗೆ ಇಬ್ಬರೂ ಸೇರಿ ಒಂದು ಹೊದಿಕೆ ಮುಗಿಸುವುದು. ಅವಳು ಹಟ್ಟಿಯಂಗಡಿಯ ಗಣಪತಿಗೆ ಹರಕೆ ಹೇಳಿಕೊಂಡಿದ್ದಳು, ಮಗಳು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ನನ್ನ ಪಾಲಿಗೆ ಬಂದದ್ದು ಈ ಕೆಲಸ.

ಜೂನ್ ಬಂತು. ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡಕ್ಕೆ ಬಿದ್ದವು. ಅವಳು ಒಣಮೀನು ಹೊತ್ತು ವಾರಕ್ಕೆ ಮೂರು ದಿನ ಬರುತ್ತಿದ್ದಳು, ಬಂದರೆ ಒಂದು ಗಂಟೆ ಕೂರುತ್ತಿದ್ದಳು. ಸೋಪು ಹಾಕಿ ಕೈ ತೊಳೆದು, ಆಮೇಲೆ ನಿಂಬೆ ಸಿಪ್ಪೆ ತಿಕ್ಕಿ, ಸೆರಗಿಗೆ ಒರೆಸಿಕೊಂಡು ಕಡ್ಡಿ ಹಿಡಿಯುವಳು. ನಿಟ್, ಪರ್ಲ್, ಅಂದರೆ ನೇರ, ಉಲ್ಟಾ ಎರಡು ಹೆಣಿಗೆಯನ್ನೂ ಒಂದು ಬೆಳಿಗ್ಗೆಯಲ್ಲಿ ಕಲಿತಳು. ನಲವತ್ತು ವರ್ಷ ಪಾಠ ಕೇಳದವಳ ಕೈಯಲ್ಲಿ ಅಂಥ ಟೆನ್ಶನ್! ನೂಲಿನ ಎಳೆತ ಒಂದೇ ಸಮ, ಅಳೆದಿಟ್ಟ ಹಾಗೆ. ನಾನು ಕಾನ್ವೆಂಟಿನಲ್ಲಿ ಮೂರು ತಿಂಗಳು ಸಡಿಲ–ಬಿಗಿ ಅಂತ ಬೈಸಿಕೊಂಡವಳು.

ಐಲೆಟ್ ತುಂಡನ್ನು ಮನೆಗೆ ಒಯ್ದು ಮಾಡಿಕೊಂಡು ಬಾ ಅಂತ ಕೊಟ್ಟೆ. ಎರಡು ದಿನ ಬಿಟ್ಟು ತಂದಳು. ಚೌಕ ಸರಿಯಾಗಿತ್ತು, ತೂತುಗಳು ಸಾಲಾಗಿದ್ದವು, ಆದರೆ ತುಂಡು ತೆಂಗಿನ ನಾರಿನ ಬ್ರಷ್ಷಿನ ಹಾಗೆ ಗಟ್ಟಿ. ತಿರುಗಿಸಿ ನೋಡಿದರೆ ಪ್ರತಿಯೊಂದು ತೂತಿನ ಪಕ್ಕದಲ್ಲಿ ಒಂದು ಗಂಟು. ಬಲೆಗೆ ಹಾಕುವ ಗಂಟು.

“ಇದೆಂತ ಮಾಡ್ದೆ ಮಾರಾಯ್ತಿ?”

“ಗಂಟ್ ಹಾಕ್ದಿರೆ ಬಿಚ್ಚಿ ಹೋಪುದಿಲ್ಯಾ? ಬಲ್ಯಗೆ ಒಂದ್ ಕಣ್ಣ್ ಸಡ್ಲ್ ಆರೆ ಸಾಕ್, ಮೀನ್ ಅದ್ರಗೇ ದಾರಿ ಮಾಡ್ಕಂತ್.”

“ಇದ್ರಗೆ ಮೀನ್ ಹಿಡುದಲ್ಲ.”

“ಗೊತ್ತಿತ್ತ್ ಟೀಚ್ರೇ. ನಂಗ್ ಗೊತ್ತಿತ್ತ್, ಕೈಗ್ ಗೊತ್ತಿಲ್ಲೆ.”

ಅವತ್ತು ಇಬ್ಬರೂ ನಕ್ಕದ್ದಕ್ಕೆ ತಮ್ಮನ ಹೆಂಡತಿ ಒಳಗಿಂದ ಬಂದು ನೋಡಿ ಹೋದಳು. ಹೆಣಿಗೆಯಲ್ಲಿ ಗಂಟೇ ಇಲ್ಲ, ಒಂದು ಕುಣಿಕೆಯನ್ನು ಇನ್ನೊಂದು ಕುಣಿಕೆ ಹಿಡಿದುಕೊಂಡಿರುತ್ತದೆ, ಅಷ್ಟರಲ್ಲೇ ನಿಲ್ಲುತ್ತದೆ ಅಂತ ಹೇಳಿದೆ. ಅವಳಿಗೆ ಅದು ಸಮಾಧಾನದ ಮಾತಾಗಿ ಕೇಳಲಿಲ್ಲ. “ಒಂದ್ ಜಾರಿರೆ ಎಲ್ಲಾ ಜಾರತ್ತ್ ಅಂದಾಯ್ತ್” ಅಂದಳು. ಆಮೇಲೂ ಕದ್ದು ಕದ್ದು ಅಲ್ಲಲ್ಲಿ ಒಂದು ಗಂಟು ಹಾಕುತ್ತಲೇ ಇದ್ದಳು.

ನನ್ನ ಪುಸ್ತಕದ ಇಂಗ್ಲಿಷ್ ಹೆಸರುಗಳನ್ನು ಅವಳು ಉಪಯೋಗಿಸಲಿಲ್ಲ. ಮಾಸ್ ಸ್ಟಿಚ್ ಮುಟ್ಟಲಿಕ್ಕೆ ತರಿತರಿ, ಅವಳಿಗೆ ಅದು ಹೊಯ್ಗೆ, ಮರಳು. ಬಾಸ್ಕೆಟ್ ಸ್ಟಿಚ್ ಹೆಡಿಗೆ. ಫೆದರ್ ಅಂಡ್ ಫ್ಯಾನ್ ಎಂಬುದಕ್ಕೆ ಅವಳಿಟ್ಟ ಹೆಸರು ತೆರೆ. ನಾನೂ ಚೀಟಿಗಳಲ್ಲಿ ಅದನ್ನೇ ಬರೆಯತೊಡಗಿದೆ. ಒಂದು ವಿಷಯ ಇಬ್ಬರಿಗೂ ಆಶ್ಚರ್ಯ: ಎಲ್ಲಕ್ಕೂ ಮೂವತ್ತೇ ಕುಣಿಕೆ, ಅದೇ ನೂಲು, ಅದೇ ಕಡ್ಡಿ. ಆದರೂ ಕುಣಿಕೆಗಳನ್ನು ಜಡೆಯ ಹಾಗೆ ದಾಟಿಸಿ ಕೇಬಲ್ ಹಾಕಿದ ತುಂಡು ಮುದುಡಿ ನಾಲ್ಕು ಬೆರಳಾಗುತ್ತಿತ್ತು, ಹೊಯ್ಗೆ ಹರಡಿ ಆರು ಬೆರಳಾಗುತ್ತಿತ್ತು. ಒದ್ದೆ ಮಾಡಿ ಟವಲಿನ ಮೇಲೆ ಹರಡಿ, ಗುಂಡುಸೂಜಿ ಚುಚ್ಚಿ ಒಂದೇ ಅಳತೆಗೆ ಎಳೆಯಬೇಕಾಗುತ್ತಿತ್ತು. ಆ ಮಳೆಯಲ್ಲಿ ಒಂದು ತುಂಡು ಒಣಗಲಿಕ್ಕೆ ನಾಲ್ಕು ದಿನ. ಫ್ಯಾನ್ ಹಾಕಿಟ್ಟರೂ ಮುಗ್ಗಲು ವಾಸನೆ.

ಏಳನೇ ತಿಂಗಳ ಬಯಕೆ ಊಟ ಮುಗಿಸಿ ಮಗಳು ತಾಯಿಯ ಮನೆಗೆ ಬಂದಳು. ಒಂದು ದಿನ ತಾಯಿ ಅವಳನ್ನೂ ನಮ್ಮಲ್ಲಿಗೆ ಕರೆದುಕೊಂಡು ಬಂದಿದ್ದಳು. ಮಾತು ಕಡಿಮೆಯ ಹುಡುಗಿ. ಮದುವೆಗೆ ಮುಂಚಿನಿಂದ ಗೇರುಬೀಜದ ಫ್ಯಾಕ್ಟರಿಗೆ ಹೋಗಿ ಬೆರಳ ತುದಿಗಳೆಲ್ಲ ಕಪ್ಪಾಗಿ ಬಿರಿದಿದ್ದವು. ಎಲ್ಲ ತುಂಡನ್ನೂ ಮುಟ್ಟಿ ಮುಟ್ಟಿ ಕೊನೆಗೆ ತೆರೆಯ ತುಂಡಿನ ಮೇಲೆ ಬೆರಳು ನಿಲ್ಲಿಸಿದಳು.

“ಇದ್ ಹ್ಯಾಂಗ್ ಬಗ್ಗತ್ತ್ ಟೀಚ್ರೇ?”

ಎರಡು ಬದಿಯಲ್ಲಿ ಕುಣಿಕೆಗಳನ್ನು ಜೋಡಿ ಜೋಡಿ ಸೇರಿಸಿ ಕಡಿಮೆ ಮಾಡುತ್ತೇವೆ, ನಡುವಿನಲ್ಲಿ ಅಷ್ಟನ್ನೇ ಹೊಸದಾಗಿ ಹುಟ್ಟಿಸುತ್ತೇವೆ, ಅದಕ್ಕೆ ಸಾಲು ತಾನಾಗಿಯೇ ಅಲೆಯ ಹಾಗೆ ಬಗ್ಗುತ್ತದೆ ಅಂತ ಕಡ್ಡಿ ಹಿಡಿದು ತೋರಿಸಿದೆ. ಕೊನೆಗೆ ಎಣಿಸಿದರೆ ಮೂವತ್ತು ಮೂವತ್ತೇ. ಅವಳು ನನ್ನ ಜೊತೆ ತುಟಿ ಅಲ್ಲಾಡಿಸುತ್ತ ಎಣಿಸಿದಳು. ಎಣಿಸುತ್ತ ಎಣಿಸುತ್ತ ತುಂಡನ್ನು ಹೊಟ್ಟೆಯ ಮೇಲೆ ಹರಡಿಕೊಂಡಳು, ಯಾರಾದರೂ ಮಾಡುವ ಹಾಗೆ, ಏನೂ ಯೋಚಿಸದೆ.

“ಅಲ್ಲಿ ಇಡ್ಬೇಡ!” ತಾಯಿ ಕಸಿದುಕೊಂಡಳು. ಹುಡುಗಿ ಹೆದರಿ ನನ್ನ ಮುಖ ನೋಡಿದಳು. ನಾನು ಇಂಗ್ಲಿಷ್ ಟೀಚರಿನ ನಗು ನಕ್ಕು, ಟೀ ಕುಡಿ ಅಂದೆ.

ಜುಲೈ ಕೊನೆಗೆ ಹದಿನಾರು ತುಂಡುಗಳಾಗಿದ್ದವು. ನನ್ನವು ಒಂಬತ್ತು, ಅವಳವು ಏಳು. ಒಂದು ಸಂಜೆ ಸುಮ್ಮನೆ ಮಂಚದ ಮೇಲೆ ಹರಡಿದೆ. ನಾಲ್ಕು ಉದ್ದ, ನಾಲ್ಕು ಅಗಲ. ಹೊಯ್ಗೆಯ ಪಕ್ಕ ತೆರೆ, ಹೆಡಿಗೆಯ ಪಕ್ಕ ಬಲೆಯ ಕಣ್ಣು. ಅಷ್ಟು ಚಂದದ್ದು ನಾನು ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ಮಗುವಿನ ಹೊದಿಕೆಗೆ ಒಂದಂಗುಲ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಯಾಕೆ ಹೊಲಿದೆ ಅಂತ ನನ್ನನ್ನು ನಾನು ಬಹಳ ಸಲ ಕೇಳಿದ್ದೇನೆ. ಸೂಪರ್‌ಸ್ಟಿಷನ್ನಿಗೆ ಬಗ್ಗಬಾರದು ಅಂತ ಒಂದು ಉತ್ತರ. ಅದು ಪೂರ್ತಿ ನಿಜವಲ್ಲ. ಹುಟ್ಟಿದ ಮೇಲೆ ಹನ್ನೊಂದೇ ದಿನ, ಕಣ್ಣು ಮಂಜು, ಸಮಯ ಸಾಲದು ಅಂತ ಇನ್ನೊಂದು. ಅದೂ ನಿಜವಲ್ಲ. ನಿಜವೆಂದರೆ ಮುಗಿಸಿದ್ದನ್ನು ನೋಡುವ ಆಸೆ. ಶಾಲೆಯಲ್ಲೂ ತುಂಡು, ಮುದಿತನದಲ್ಲೂ ತುಂಡು. ಒಮ್ಮೆಯಾದರೂ ಇಡಿಯಾಗಿ ಒಂದು ವಸ್ತು ನನ್ನ ಕೈಯಿಂದ ಆಗಲಿ ಅನ್ನುವ ಆಸೆ. ಐದು ದಿನ ಕೂತು, ಅದೇ ಬಿಳಿ ನೂಲಿನಲ್ಲಿ, ಮೇಲಿನಿಂದ ಜೋಡಣೆ ಕಾಣದ ಹಾಗೆ ಹೊಲಿದೆ. ಕೊನೆಯ ಒಂದು ಅಂಚನ್ನು ಹೊಲಿಯದೆ ಬಿಡಬಹುದಿತ್ತು. ಬಿಟ್ಟಿದ್ದರೆ ಅವಳ ಮಾತಿಗೆ ಅಷ್ಟಾದರೂ ಮರ್ಯಾದೆ ಕೊಟ್ಟ ಹಾಗಾಗುತ್ತಿತ್ತು. ಬಿಡಲಿಲ್ಲ.

ಮಾರನೇ ದಿನ ಜೋರು ಮಳೆ. ಮೆಟ್ಟಿಲ ಮೇಲೆ ನೀರು ಹಾರುತ್ತಿತ್ತೆಂದು ತಮ್ಮನ ಹೆಂಡತಿ ಅವಳನ್ನು ಒಳಗೆ ಕರೆದಳು. “ಒಳ್ಗ್ ಬಾ ಮಾರಾಯ್ತಿ, ಟೀ ಕುಡ್ದ್ ಹೋಯ್ಲಕ್.” ಅವಳು ಬಂದವಳು ನಡುಕೋಣೆಯ ಮಂಚ ನೋಡಿದಳು. ಅದರ ಮೇಲೆ ಗುಂಡುಸೂಜಿ ಚುಚ್ಚಿ, ಫ್ಯಾನಿನಡಿ ಒಣಹಾಕಿದ ಹೊದಿಕೆ.

ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಕೂಗಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತಳು.

“ಕೂಡ್ಸ್ದ್ರಿಯಾ ಟೀಚ್ರೇ?”

“ಎಷ್ಟ್ ಚಂದ ಆಯ್ತ್ ಕಾಣ್.”

“ಬಿಚ್ಚಿ. ಈಗ್ಲೇ ಬಿಚ್ಚಿ.”

ಆಗ ನಾನು ಟೀಚರ್ ಆದೆ. ಸ್ಕ್ಯಾನ್ ಮಾಡಿ ಎಲ್ಲ ನಾರ್ಮಲ್ ಅಂದಿದ್ದಾರಲ್ಲ, ಬಟ್ಟೆಗೂ ಬಸಿರಿಗೂ ಎಂತ ಸಂಬಂಧ, ಇದೇ ಕಾಲದಲ್ಲಿ ಹೀಗೆ ಹೆದರಿದರೆ ಮಗಳಿಗೆ ಧೈರ್ಯ ಹೇಳುವವರು ಯಾರು, ಹೀಗೆ ಒಂದೇ ಉಸಿರಿಗೆ. ಅವಳು ಕೇಳಿಸಿಕೊಂಡಳು. ಮುಗಿದ ಮೇಲೆ ಮತ್ತೆ, “ಬಿಚ್ಚಿ ಟೀಚ್ರೇ, ನಿಮ್ ಕಾಲ್ ಹಿಡಿತೆ” ಅಂದಳು. ನಾನು ಬಿಚ್ಚುವುದಿಲ್ಲ ಅಂದೆ. ಮತ್ತು ಕಿಟಕಿಯ ಕಡೆ ತಿರುಗಿ, “ಯು ಆರ್ ಬೀಯಿಂಗ್ ಸಿಲ್ಲಿ” ಅಂದೆ, ಅವಳಿಗೆ ಅರ್ಥವಾಗುವುದಿಲ್ಲ ಅಂತ ಗೊತ್ತಿದ್ದೇ. ಧ್ವನಿ ಮಾತ್ರ ಅರ್ಥವಾಗಿರಬೇಕು.

ತಮ್ಮನ ಹೆಂಡತಿ ಒಳಗೆ ಹೋಗಿ ಅರ್ಧ ಬ್ಲೇಡ್ ತಂದು ಅವಳ ಕೈಯಲ್ಲಿಟ್ಟಳು.

ಅವಳು ನೆಲದ ಮೇಲೆ ಕೂತು, ಒದ್ದೆ ಹೊದಿಕೆಯನ್ನು ಮಡಿಲಿಗೆಳೆದುಕೊಂಡು ಬಿಚ್ಚತೊಡಗಿದಳು. ಹೊಲಿದ ನೂಲೂ ಬಿಳಿ, ತುಂಡೂ ಬಿಳಿ. ಎಲ್ಲಿ ಜೋಡಣೆ, ಎಲ್ಲಿ ಹೆಣಿಗೆ ಅಂತ ತಿಳಿಯದ ಹಾಗೆ ಹೊಲಿಯುವ ಜಾಣತನ ನಾನೇ ಮಾಡಿದ್ದೆ. ಮಗಳು ಆರಿಸಿದ್ದ ತೆರೆಯ ತುಂಡಿಗೆ ಬರುವಾಗ ಬ್ಲೇಡು ಹೆಣಿಗೆಯನ್ನೇ ಕೊಯ್ದಿತು. ಒಂದು ಕುಣಿಕೆ ಬಿಟ್ಟಿತು, ಅದರ ಕೆಳಗಿನದು, ಅದರ ಕೆಳಗಿನದು. ಐದಾರು ಸಾಲು ಏಣಿಯ ಹಾಗೆ ಇಳಿಯಿತು. ಅವಳು “ಅಯ್ಯೋ” ಅಂದು ಬ್ಲೇಡು ಬಿಸಾಡಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬಿಟ್ಟ ಕುಣಿಕೆಗೆ ಬಲೆಯ ಗಂಟು ಬಿಗಿದಳು. ನಾನು ನಿಂತು ನೋಡಿದೆ. ಕ್ರೋಶಾ ಕಡ್ಡಿಯಲ್ಲಿ ಕುಣಿಕೆಗಳನ್ನು ಮೇಲೆತ್ತಿ ಸರಿಮಾಡಲಿಕ್ಕೆ ನನಗೆ ಬರುತ್ತಿತ್ತು. ಕೂರಲಿಲ್ಲ.

ಹದಿನಾರನ್ನೂ ಬೇರೆ ಮಾಡಿ, ಎಣಿಸಿ, ಮಂಚದ ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟಳು. “ಈಗ ಸರಿ ಆಯ್ತ್” ಅಂದಳು, ನನಗಲ್ಲ. ಟೀ ತಣ್ಣಗಾಗಿತ್ತು.

ಅದಾಗಿ ಹನ್ನೆರಡೋ ಹದಿಮೂರೋ ದಿನ. ಬೋಟುಗಳು ಮತ್ತೆ ಕಡಲಿಗೆ ಇಳಿದಿದ್ದವು. ಬೋಗುಣಿ ಇಳಿಸಿದ್ದು ಬೇರೆ ಹೆಂಗಸು. ಅವಳ ಬಾಯಿಂದ ಸುದ್ದಿ ಕೇಳಿ ಬಂದವಳು ತಮ್ಮನ ಹೆಂಡತಿ. ಮಗು ಒಂದು ಇಡೀ ದಿನ ಮಿಸುಕಾಡಲಿಲ್ಲವಂತೆ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಎದೆಬಡಿತ ಇರಲಿಲ್ಲ. ಹೆಣ್ಣು ಮಗು, ಎಲ್ಲ ತುಂಬಿದ್ದು, ತಲೆ ತುಂಬ ಕೂದಲು. ಡಾಕ್ಟರು ಕಾರಣ ಹೇಳಲಿಲ್ಲ, ಕೆಲವೊಮ್ಮೆ ಹೀಗಾಗುತ್ತದೆ, ತಿಳಿಯುವುದಿಲ್ಲ ಅಂದರಂತೆ.

ತಮ್ಮನ ಹೆಂಡತಿ ಹೇಳುವಷ್ಟು ಹೇಳಿ ಮೀನು ತೊಳೆಯಲಿಕ್ಕೆ ಹೋದಳು. ನನ್ನ ಮುಖ ನೋಡಲಿಲ್ಲ. ಅವಳು ನೋಡದೆ ಹೋದದ್ದಕ್ಕೆ ನಾನು ಇವತ್ತಿಗೂ ಕೃತಜ್ಞಳು.

ಬಟ್ಟೆಯಿಂದ ಮಗು ಸಾಯುವುದಿಲ್ಲ. ಇದನ್ನು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ನಂಬಿಕೊಂಡೇ ಆ ವಾರವೆಲ್ಲ ಊಟ ಸೇರಲಿಲ್ಲ.

ಇಪ್ಪತ್ತು ದಿನ ಬಿಟ್ಟು ರಿಕ್ಷಾ ಮಾಡಿಕೊಂಡು ಕೋಡಿಗೆ ಹೋದೆ. ಏನು ಕೊಂಡೊಯ್ಯುವುದು ಅಂತ ತಿಳಿಯದೆ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡಿದ್ದೆ. ಅಂಗಳದಲ್ಲಿ ಅಳಿಯ ಬಲೆ ಹರಡಿಕೊಂಡು ಕೂತಿದ್ದ. ತಲೆ ಎತ್ತಲಿಲ್ಲ. ಅವಳು ಒಳಗಿಂದ ಬಂದು ಪ್ಲಾಸ್ಟಿಕ್ ಕುರ್ಚಿ ಒರೆಸಿ, “ಕೂಕಣಿ ಟೀಚ್ರೇ” ಅಂದಳು. ಹಿಂದಿನ ಮರ್ಯಾದೆಗಿಂತ ಎಳ್ಳಷ್ಟೂ ಕಡಿಮೆ ಇಲ್ಲ.

ಮಗಳು ಒಳಗೆ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಹಾಲು ಬತ್ತಲಿ ಅಂತ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಆದರೂ ಎರಡು ಕಡೆ ಒದ್ದೆಯಾಗಿತ್ತು. ನಾನು ಅವಳ ಪಕ್ಕ ಕೂತೆ. ಹೇಗಿದ್ದೀ ಅಂತ ಕೇಳುವಷ್ಟು ಮೂರ್ಖಳಾಗಲಿಲ್ಲ, ಅದೊಂದು ಪುಣ್ಯ. ಅವಳೇ ಮಾತಾಡಿದಳು.

“ಆಸ್ಪತ್ರಿಯರ್ ಹಸ್ರ್ ಬಟ್ಟಿಯಗೆ ಸುತ್ತಿ ಕೊಟ್ರ್ ಟೀಚ್ರೇ. ಹಂಗೇ ಮಣ್ಣ್ ಮಾಡ್ದ್ರ್. ನಮ್ದ್ ಅಂದೇಳಿ ಅದ್ಕೆ ಹೊದ್ಸುಕೆ ಒಂದೂ ಇರ್ಲಿಲ್ಲೆ.”

ಬಾಗಿಲಲ್ಲಿ ನಿಂತಿದ್ದ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋದಳು.

“ಬೆಚ್ಚಗ್ ಇರ್ಲಿ ಅಂದೇಳಿ ಅಲ್ಲ,” ಹುಡುಗಿ ಹೇಳಿದಳು, ನಾನು ತಪ್ಪು ತಿಳಿದೇನೆಂಬ ಹಾಗೆ. “ಯಾರೋ ಕಾಯ್ತಾ ಇದ್ದಿದ್ರ್ ಅಂದೇಳಿ ಅದ್ಕ್ ಗೊತ್ತಾತಿತ್ತ್.”

ಹೊರಡುವಾಗ ತಾಯಿ ರಸ್ತೆಯವರೆಗೆ ಬಂದಳು. ಮರಳು ಹಾದಿ, ಎರಡು ಬದಿಗೂ ಒಣಮೀನಿನ ಚಾಪೆ. ನಾನು ನಿಂತು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಇಂಗ್ಲಿಷಿನಲ್ಲಿ ಸಾರಿ ಅನ್ನುವುದು ಎಷ್ಟು ಸುಲಭ, ನಮ್ಮ ಮಾತಿನಲ್ಲಿ ಹಾಗೆ ಸಟ್ಟನೆ ಹೇಳಲಿಕ್ಕೆ ಒಂದು ಶಬ್ದವೇ ಸಿಗಲಿಲ್ಲ.

“ನನ್ನಿಂದ...” ಅಂದೆ.

“ಹಂಗ್ ಹೇಳುಕಾಗ ಟೀಚ್ರೇ. ನಿಮ್ಮಿಂದ ಎಂತದೂ ಆಯ್ಲಿಲ್ಲೆ.” ಬಗ್ಗಿ ಚಾಪೆಯ ಅಂಚಿನ ಮೀನು ಒಳಗೆ ಸರಿಸಿದಳು. ಆಮೇಲೆ, ನನ್ನನ್ನು ನೋಡದೆ: “ನೀವ್ ಕೂಡ್ಸ್ದ್ರಿ. ನಾ ಕೊಯ್ದೆ. ಎರಡ್ರಗೆ ಯಾವ್ದ್ ದೊಡ್ ತಪ್ಪ್? ನೀವ್ ಕಲ್ತವ್ರ್ ಅಲ್ದಾ, ಹೇಳಿ.”

ನಲವತ್ತು ಮಕ್ಕಳ ಕ್ಲಾಸಿನಲ್ಲಿ ಯಾವ ಪ್ರಶ್ನೆಗೂ ನಾನು ತಲೆ ತಗ್ಗಿಸಿದವಳಲ್ಲ. ಅವತ್ತು ರಿಕ್ಷಾದವನು ಹಾರ್ನ್ ಹೊಡೆದದ್ದು ಉಪಕಾರವಾಯಿತು.

ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಬರುವುದಿಲ್ಲ ಅಂತ ಹೇಳಿಯೂ ಇರಲಿಲ್ಲ. ತುಂಡುಗಳನ್ನು ಒಂದು ತಲೆದಿಂಬಿನ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟೆ. ಜಾರಿದ ಕುಣಿಕೆಗಳನ್ನು ಎತ್ತಲಿಕ್ಕೆ ಹೋಗಲಿಲ್ಲ. ಹದಿನೇಳನೆಯದನ್ನು ಮಾಡಲೂ ಇಲ್ಲ. ಪುಸ್ತಕದಲ್ಲಿ ಇನ್ನೂ ಹದಿಮೂರು ಸ್ಟಿಚ್ಚುಗಳ ಹೆಸರು ಬಾಕಿ ಇವೆ. ಕಣ್ಣಿನ ಆಪರೇಷನ್ ಆದ ಮೇಲೆ ಮಾಡು ಅಂತ ತಮ್ಮ ಹೇಳುತ್ತಾನೆ. ಅವನಿಗೆ ಯಾರೂ ಏನೂ ಹೇಳಿಲ್ಲ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಕಣ್ಣಿನ ಡ್ರಾಪ್ಸ್ ತರಲಿಕ್ಕೆ ಪೇಟೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಬೈಂದೂರಿನ ಬಸ್ಸು ನಿಂತಿತ್ತು. ಕಿಟಕಿಯಲ್ಲಿ ಅವಳು. ಮಡಿಲಲ್ಲಿ ಒಂದು ಬಟ್ಟೆಯ ಚೀಲ, ತಲೆಗೆ ಹೂವಿಲ್ಲ, ಬೋಗುಣಿ ಇಲ್ಲ. ನಾನು ಹತ್ತಿರ ಹೋದೆ. ನೋಡಿದವಳು ಮುಖ ತಿರುಗಿಸಲಿಲ್ಲ.

“ಎಲ್ಲಿಗ್ ಹೋಪುದ್?”

“ಮಗ್ಳ್ ಮನಿಗೆ. ಇನ್ನ್ ಅಲ್ಲೇ ಇಪ್ಪುದ್ ಟೀಚ್ರೇ. ಅದನ್ ಒಬ್ಳನ್ನೇ ಬಿಡುಕಾತಿಲ್ಲೆ.”

“ಹ್ಯಾಂಗಿತ್ತ್?”

“ಇತ್ತ್.” ಇದ್ದಾಳೆ ಅಂತ, ಅಷ್ಟೇ. ನಂತರ, “ಫ್ಯಾಕ್ಟ್ರಿಗ್ ಹೋತ್ತ್. ಬತ್ತ್. ಉಣ್ತ್.”

ಡ್ರೈವರ್ ಹತ್ತಿ ಎಂಜಿನ್ ಚಾಲೂ ಮಾಡಿದ. ಕೋಡಿಯ ರಸ್ತೆಯಲ್ಲಿ ಅವಳು ಕೇಳಿದ್ದಕ್ಕೆ ಉತ್ತರ ಹೇಳುವುದಿದ್ದರೆ ಇದೇ ಸಮಯ. ಎರಡು ತಿಂಗಳಿಂದ ನಾನು ಅದನ್ನು ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಬರೆದು ಹೊಡೆದು ಹಾಕುತ್ತಿದ್ದೆ. ದೊಡ್ಡ ತಪ್ಪು ನನ್ನದು, ಕೂಡಿಸಿದ್ದಲ್ಲ, ನೀನು ಕಾಲು ಹಿಡಿಯುತ್ತೇನೆ ಅಂದಾಗ ನಿನ್ನ ಪಕ್ಕ ಕೂತು ಬಿಚ್ಚದೆ ನಿಂತದ್ದು. ಇಷ್ಟೇ ವಾಕ್ಯ. ಕಿಟಕಿಯ ಕಂಬಿ ಹಿಡಿದುಕೊಂಡೆ.

ಅವಳೇ ಮೊದಲು ಬಾಯಿ ತೆರೆದಳು.

“ಮೀನ್ ಯಾರ್ ತತ್ರ್ ಈಗ?”

“ಯಾರೋ ಒಬ್ಬ ಸ್ಕೂಟರಗೆ ಬತ್ತ.”

“ಐಸಿಗ್ ಹಾಕದ್ ಮೀನ್ ಅದ್. ಕಿವಿ ಎತ್ತಿ ಕಂಡ್ ತಕಣಿ, ಕೆಂಪ್ ಇದ್ರೆ ಮಾತ್ರ. ನಿಮ್ಗ್ ಗೊತ್ತಾತಿಲ್ಲೆ, ಮೋಸ ಮಾಡ್ತ್ರ್.”

ಆಯ್ತು ಅಂದೆ. ಬಸ್ಸು ಹಿಂದಕ್ಕೆ ಸರಿಯಿತು, ನಾನು ಕಂಬಿ ಬಿಟ್ಟೆ. ಹೈವೇಗೆ ತಿರುಗುವವರೆಗೂ ಕಿಟಕಿಯ ಹೊರಗೆ ಅವಳ ಮೊಣಕೈ ಕಾಣುತ್ತಿತ್ತು. ಆಮೇಲೆ ನಾನು ಅವಳನ್ನು ನೋಡಿಲ್ಲ.